ಕೈ ಹಿಡಿದು ಒಳಗೆ ಬಿಟ್ಟವರು

ಆ ಊರಿಗೆ ಹೋದ ಮೊದಲ ತಿಂಗಳನ್ನು ನಾನು ಹೆಚ್ಚುಕಡಿಮೆ ಶಾಲೆಗಳ ಸೋಫಾಗಳ ಮೇಲೇ ಕಳೆದೆ. ಮನೆಯ ಪೆಟ್ಟಿಗೆಗಳನ್ನು ಇನ್ನೂ ಬಿಚ್ಚಿರಲಿಲ್ಲ. ಕುಕ್ಕರಿನ ಗ್ಯಾಸ್ಕೆಟ್ ಯಾವ ಪೆಟ್ಟಿಗೆಯಲ್ಲಿದೆ ಅಂತ ದೇವರಿಗೇ ಗೊತ್ತು. ಆದರೆ ಮಕ್ಕಳನ್ನು ಎಲ್ಲಿ ಸೇರಿಸುವುದು ಅನ್ನುವುದು ಇತ್ಯರ್ಥವಾಗುವ ತನಕ ನನ್ನ ಗಂಡ ನಿಜಗುಣರಿಗೆ ಕಚೇರಿಯಲ್ಲಿ ಮನಸ್ಸು ನಿಲ್ಲುವುದಿಲ್ಲವಂತೆ. ಅವರ ಮನಸ್ಸು ನಿಲ್ಲಬೇಕಾದರೆ ನಾನು ಓಡಾಡಬೇಕು. ನಮ್ಮ ಸಂಸಾರ ಮೊದಲಿನಿಂದ ನಡೆದು ಬಂದದ್ದೇ ಹೀಗೆ. ಅವರು ಹೊರದೇಶದ ಆ ಊರಿನಲ್ಲಿ ಹಡಗುಕಟ್ಟೆ ಕಟ್ಟುವ ಕಂಪನಿಯೊಂದರ ಎಂಜಿನಿಯರು, ಒಪ್ಪಂದ ಮೂರು ವರ್ಷದ್ದು. ನಾನು ಹರಿಹರದ ಒಂದು ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಹೇಳುತ್ತಿದ್ದವಳು. ಸಂಬಳವಿಲ್ಲದ ರಜೆ ಬರೆದುಕೊಟ್ಟು ಬಂದಿದ್ದೆ. ಮೂರು ವರ್ಷ ಕಣ್ಣು ಮುಚ್ಚಿ ಬಿಡುವುದರೊಳಗೆ ಕಳೆಯುತ್ತದೆ, ವಾಪಸು ಹೋಗಿ ಅದೇ ಬೋರ್ಡಿನ ಮುಂದೆ ನಿಲ್ಲುತ್ತೇನೆ ಅಂತ ಪ್ರಿನ್ಸಿಪಾಲರಿಗೂ ಹೇಳಿದ್ದೆ, ನನಗೂ ಹೇಳಿಕೊಂಡಿದ್ದೆ.

ಆ ಊರಿನ ಶಾಲೆಯವರು ಮಕ್ಕಳ ಮುಖವನ್ನೇ ನೋಡುತ್ತಿರಲಿಲ್ಲ. ಐದನೆಯ ಕ್ಲಾಸಿಗೆ ಸೇರಬೇಕಾದ ನನ್ನ ಮಗಳು ಇಂಚರ, ಒಂದನೆಯ ಕ್ಲಾಸಿಗೆ ಸೇರಬೇಕಾದ ಮಗ ಚಿನ್ಮಯ, ಇಬ್ಬರೂ ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ಎಬಿಸಿಡಿ, ಮಗ್ಗಿ, ಹುಟ್ಟಿದ ದಿನಾಂಕ ಎಲ್ಲ ಬಾಯಿಪಾಠ ಮಾಡಿಕೊಂಡು ಕೂತಿರುತ್ತಿದ್ದರು. ಕೇಳುವವರೇ ಇಲ್ಲ. ಸಂದರ್ಶನ ನನಗೆ. ಗುಡ್ಡದ ಮೇಲಿನ ಇಂಟರ್‌ನ್ಯಾಷನಲ್ ಶಾಲೆಯ ಅಡ್ಮಿಷನ್ ಮೇಡಂ ಕನ್ನಡಕ ಸರಿಮಾಡಿಕೊಂಡು, "ನಿಮಗೆ ಏನೇನು ಬರುತ್ತದೆ, ಹೇಳಿ" ಅಂದರು. ಕೆಮಿಸ್ಟ್ರಿಯಲ್ಲಿ ಎಂಎಸ್ಸಿ ಅಂದೆ. ಗಣಿತ ತಕ್ಕಮಟ್ಟಿಗೆ, ಮೂರು ಭಾಷೆ, ಕಸೂತಿ, ಬಾವಿಯಲ್ಲಿ ಈಜು. ಅವರು ಬಾಳೆ ಎಲೆಯ ತುಂಬಾ ಬಡಿಸಿಟ್ಟಿದ್ದನ್ನು ಕಂಡವರ ಹಾಗೆ ನನ್ನನ್ನು ನೋಡಿ, "ಎರಡೂ ಸೀಟು ಇವತ್ತೇ ಕೊಡುತ್ತೇವೆ" ಅಂದರು.

ಆ ಊರಿನ ವಿಷಯ ಹೀಗಿತ್ತು. ಮೊದಲ ದಿನ ಮಗು ಯಾರ ಕೈ ಹಿಡಿದುಕೊಂಡು ಶಾಲೆಯ ಹೊಸಿಲು ದಾಟುತ್ತದೋ, ಅವರಿಗೆ ಬರುವುದೆಲ್ಲ ಒಂದೊಂದಾಗಿ ಮಗುವಿಗೆ ಬರುತ್ತಿತ್ತು. ಮಗುವಿಗೆ ಬಂದದ್ದು ಅವರಿಂದ ಹೋಗುತ್ತಿತ್ತು. ಅವರಿಗೆ ಬಾರದ ವಿದ್ಯೆಯನ್ನು ಮಗು ಬೇರೆ ಎಲ್ಲ ಊರಿನ ಮಕ್ಕಳ ಹಾಗೆ ಒದ್ದಾಡಿ ಕಲಿಯಬೇಕಿತ್ತು. ಮನೆಯಲ್ಲೇ ಹೇಳಿಕೊಟ್ಟರೆ ಬೆಳಗಾಗುವುದರೊಳಗೆ ಮಗುವಿಗೆ ಅದು ಮರೆತುಹೋಗುತ್ತಿತ್ತು. ನಾನು ಅದನ್ನೂ ಪ್ರಯತ್ನಿಸಿ, ಬೇಸತ್ತು ಬಿಟ್ಟೆ.

ಊರಿನವರು ಇದಕ್ಕೆಲ್ಲ ಒಗ್ಗಿಹೋಗಿದ್ದರು. ನಮ್ಮ ಬೀದಿಯ ದರ್ಜಿಗೆ ಅಳತೆ ಹೋಗಿ ಎಷ್ಟೋ ಕಾಲವಾಗಿತ್ತು. ಟೇಪನ್ನು ಕುತ್ತಿಗೆಗೆ ಹಾಕಿಕೊಂಡೇ, ಗಿರಾಕಿಯ ಹಳೆಯ ಅಂಗಿಯನ್ನು ಬಟ್ಟೆಯ ಮೇಲೆ ಹಾಸಿ ಕತ್ತರಿಸುತ್ತಿದ್ದ. ನಮ್ಮ ಮನೆಯೊಡತಿ ಗಡಿಯಾರದ ಕೆಳಗೆ ನಿಂತು ಹೋಗಿಬರುವವರನ್ನು ಗಂಟೆ ಎಷ್ಟು ಅಂತ ಕೇಳುತ್ತಿದ್ದಳು. ಯಾರೂ ನಗುತ್ತಿರಲಿಲ್ಲ. ಮಗ ಒಂದನೆಯ ಕ್ಲಾಸೋ ಅಂತ ಕೇಳಿ, ಗಂಟೆ ಹೇಳಿ ಮುಂದೆ ಹೋಗುತ್ತಿದ್ದರು.

ಪಕ್ಕದ ಮನೆಯ ಗ್ರೆಟ್ಟಾ ಬಾಯಿ ಮಂಗಳೂರಿನವರು. ಮೂರು ಮಕ್ಕಳನ್ನೂ ಗುಡ್ಡದ ಶಾಲೆಯಲ್ಲೇ ಓದಿಸಿ, ಎಲ್ಲರನ್ನೂ ಒಂದೊಂದು ದೇಶಕ್ಕೆ ಕಳಿಸಿಕೊಟ್ಟಿದ್ದರು. ಮದುವೆಗೆ ಮುಂಚೆ ಬ್ಯಾಂಕಿನಲ್ಲಿ ಟೈಪಿಸ್ಟ್ ಆಗಿದ್ದರಂತೆ. ಈಗ ದಿನಕ್ಕೊಂದು ಡಬ್ಬಿ ಹಿಡಿದುಕೊಂಡು ನಮ್ಮ ಬಾಗಿಲು ತಟ್ಟುತ್ತಿದ್ದರು. "ಇದು ತಿನ್ನುವ ಸೋಡಾ ಪುಡಿಯಾ, ನೆಲ ಉಜ್ಜುವ ಪುಡಿಯಾ, ನೋಡಿ ಹೇಳು ಮಾರಾಯ್ತಿ. ನಿನ್ನೆ ಇಡ್ಲಿ ನೊರೆ ಬಂತು." ನಾನು ಓದಿ ಹೇಳುತ್ತಿದ್ದೆ. ಎಲ್ಲ ಹೋದದ್ದಕ್ಕೆ ಬೇಜಾರಾಗಲ್ಲವಾ ಅಂತ ಒಂದು ದಿನ ತಡೆಯಲಾರದೆ ಕೇಳಿಬಿಟ್ಟೆ. ಅವರು ಡಬ್ಬಿಯ ಮುಚ್ಚಳ ಹಾಕಿದರು. "ಮೊದಲು ಆಗ್ತಿತ್ತು. ಆಮೇಲೆ ಯಾವುದಕ್ಕೆ ಬೇಜಾರು ಅಂತ ಗೊತ್ತಾಗುದಿಲ್ಲ ನೋಡು. ಮೀನು ಸಾರು ಉಂಟು ನನ್ನ ಹತ್ರ, ಅದನ್ನು ಶಾಲೆಯಲ್ಲಿ ಕಲಿಸುದಿಲ್ಲ ಅಲ್ವಾ." ಹೀಗಂದು ನಕ್ಕರು. ನನಗೆ ಆ ರಾತ್ರಿ ಊಟ ಸೇರಲಿಲ್ಲ.

ಕಂಪನಿಯ ಗಂಡಸರು ಮಕ್ಕಳಿಗೆ ಕೈ ಕೊಡುವಂತಿರಲಿಲ್ಲ. ಕಂಪನಿಯ ಒಪ್ಪಂದದಲ್ಲೇ ಇತ್ತು: ನೌಕರನ ತಲೆಯಲ್ಲಿರುವುದು ಕಂಪನಿಯ ಕೆಲಸಕ್ಕೆ ಬೇಕಾದದ್ದು, ಅದನ್ನು ಶಾಲೆಗೆ ಬಿಟ್ಟುಕೊಟ್ಟರೆ ಮಾರನೆಯ ದಿನದಿಂದ ಬರಬೇಕಾಗಿಲ್ಲ. ಹಾಗಾಗಿ ಎಲ್ಲ ಶಾಲೆಗಳ ಗೇಟಿನಲ್ಲೂ ಹೆಚ್ಚಾಗಿ ಹೆಂಗಸರೇ. ಒಬ್ಬಳು ಲೆಕ್ಕಪರಿಶೋಧಕಿ, ಒಬ್ಬಳು ದಂತವೈದ್ಯೆ, ಒಬ್ಬಳು ನಕ್ಷೆ ಬರೆಯುವವಳು, ಎಲ್ಲರೂ ಒಂದು ಕಾಲದಲ್ಲಿ. ಗುಡ್ಡದ ಶಾಲೆಯಲ್ಲಿ ಇವರಿಗೆಂದೇ ಒಂದು ವಿಶ್ರಾಂತಿ ಕೋಣೆ ಮಾಡಿದ್ದರು. ಮೆತ್ತನೆಯ ಕುರ್ಚಿ, ಕಾಫಿ ಯಂತ್ರ, ಜೊತೆಗೆ ಅವರ ಪರವಾಗಿ ಹೆಸರು ಬರೆದುಕೊಡಲು ಒಬ್ಬ ಹುಡುಗಿ. ಶಾಲೆ ತೋರಿಸುವಾಗ ಅಡ್ಮಿಷನ್ ಮೇಡಂ ಆ ಕೋಣೆಯನ್ನು ಈಜುಕೊಳದ ಜೊತೆಗೇ ಹೆಮ್ಮೆಯಿಂದ ತೋರಿಸಿದರು.

ಉಳಿದ ಅಪ್ಪ ಅಮ್ಮಂದಿರು ಒಳ್ಳೆಯ ಶಾಲೆ ಹುಡುಕುತ್ತಿದ್ದರೆ ನಾನು ಸುಮಾರಾದ ಶಾಲೆ ಹುಡುಕುತ್ತಿದ್ದೆ. ಹಳೇ ಬಂದರಿನ ಹತ್ತಿರ ಒಂದು ಕಣ್ಣಿಗೆ ಬಿದ್ದಿತ್ತು. ಸುಣ್ಣ ಬಿಟ್ಟ ಗೋಡೆ, ಅಂಗಳದ ತುಂಬಾ ಒಣಮೀನಿನ ವಾಸನೆ. ಅಲ್ಲಿ ಏನನ್ನೂ ಗಡಿಬಿಡಿಯಲ್ಲಿ ಕಲಿಸುವುದಿಲ್ಲ ಅಂತ ಕೇಳಿದ್ದೆ. ನಿಜಗುಣರ ಮುಂದೆ ಹೆಸರೆತ್ತಿದೆ, ಅಷ್ಟೇ.

"ಅಲ್ಲ ಮಂದಾ, ಕಂಪನಿಯವ್ರು ಗುಡ್ಡದ ಶಾಲೆಗೆ ಪೂರ್ತಿ ಫೀಸ್ ಕೊಡ್ತೀವಿ ಅಂತಿದಾರೆ. ನೀನು ಮೀನ್ ಮಾರ್ಕೆಟ್ಟಿಗೆ ಮಕ್ಕಳನ್ನ ಕಳ್ಸೋಣ ಅಂತೀಯ."

"ಹೋಗೋದು ನಂದಲ್ವೇನ್ರೀ? ನಿಮ್ಮದೇನ್ ಹೋಗುತ್ತೆ?"

"ಮೂರೇ ವರ್ಷ. ಅಷ್ಟರಲ್ಲಿ ಎಷ್ಟು ಹೋಗುತ್ತೆ ಹೇಳು. ನೀನು ಓದಿರೋದು ಅಷ್ಟಿದೆ."

ಅವರು ಹೊಗಳಿಕೆಯಾಗಿಯೇ ಹೇಳಿದ್ದರು. ಕೆಟ್ಟ ಮನುಷ್ಯರಲ್ಲ. ಬೆಳಗ್ಗೆ ಹೋದರೆ ಕತ್ತಲಾದ ಮೇಲೆ ಸಿಮೆಂಟಿನ ಧೂಳು ಹೊತ್ತು ಬಂದು, ಸಾಕ್ಸ್ ಕೂಡ ಬಿಚ್ಚದೆ ಸೋಫಾದ ಮೇಲೆ ನಿದ್ದೆ ಹೋಗುತ್ತಿದ್ದರು. ಜಗಳವಾಡುವುದಕ್ಕೂ ಇಬ್ಬರಲ್ಲಿ ಒಬ್ಬರಿಗಾದರೂ ತ್ರಾಣ ಬೇಕು. ನಾನು ಹೂಂ ಅಂದೆ.

ಸೇರಿಸುವ ದಿನ ಬಂತು. ಎರಡು ಕೈ, ಎರಡು ಮಕ್ಕಳು, ಲೆಕ್ಕ ಸರಿಯಾಗಿತ್ತು. ಆದರೆ ಆ ಶಾಲೆಯಲ್ಲಿ ಮಧ್ಯಾಹ್ನದ ಊಟ ಅವರೇ ಕೊಡುತ್ತಾರೆ ಅಂದರೂ ನಾನು ನಂಬುವವಳೇ? ನಸುಕಿನಲ್ಲೆದ್ದು ಚಿತ್ರಾನ್ನ ಕಲಸಿದ್ದೆ, ಮೊಸರನ್ನ ಬೇರೆ. ಎರಡು ಊಟದ ಚೀಲ, ಎರಡು ನೀರಿನ ಬಾಟಲಿ, ಚಳಿಯಾದರೆ ಅಂತ ಎರಡು ಸ್ವೆಟರು, ಚಿನ್ಮಯ ಅಂಗಿ ಕೊಳೆ ಮಾಡಿಕೊಂಡರೆ ಅಂತ ಇನ್ನೊಂದು ಅಂಗಿ, ಇಷ್ಟೂ ನನ್ನ ಎಡಗೈಯಲ್ಲಿ. ಬೇರೆ ದೇಶಗಳ ತಾಯಂದಿರು ಕೈಬೀಸಿಕೊಂಡು ಬಂದಿದ್ದರು, ಅವರ ಮಕ್ಕಳ ಚೀಲ ಮಕ್ಕಳ ಬೆನ್ನ ಮೇಲೇ ಇತ್ತು. ನಮ್ಮಲ್ಲಿ ತಾಯಿ ಹೊರುವಾಗ ಮಕ್ಕಳೇಕೆ ಹೊರಬೇಕು? ಬಲಗೈಯಲ್ಲಿ ಇಂಚರಳ ಕೈ ಹಿಡಿದಿದ್ದೆ. ಚಿನ್ಮಯ ಗೇಟಿನ ಹತ್ತಿರದ ನಾಯಿಯೊಂದನ್ನು ನೋಡುತ್ತ ಹಿಂದುಳಿದ. ಗಂಟೆ ಹೊಡೆಯಿತು. "ಚಿನ್ಮೂ, ಬಾ ಬಾ, ಅಕ್ಕನ ಕೈ ಹಿಡ್ಕೊ! ಗಟ್ಟಿಯಾಗಿ ಹಿಡ್ಕೊ!" ಅಂತ ಕೂಗಿದೆ. ರಸ್ತೆ ದಾಟುವಾಗ, ಬಸ್ಸು ಹತ್ತುವಾಗ, ಮದುವೆಮನೆಯ ಗದ್ದಲದಲ್ಲಿ, ಅವನು ನಡೆಯಲು ಕಲಿತಾಗಿನಿಂದ ದಿನಕ್ಕೆ ಹತ್ತು ಸಲ ಕೂಗುತ್ತಿದ್ದ ಮಾತು ಅದು. ಅವನು ಓಡಿಬಂದು ಅಕ್ಕನ ಕೈ ಹಿಡಿದುಕೊಂಡ. ಮೂವರೂ ಸಾಲಾಗಿ ಹೊಸಿಲು ದಾಟಿದೆವು. ಒಳಗೆ ಹೋಗಿ ಚೀಲಗಳನ್ನು ಇಳಿಸಿ ಉಸಿರು ಬಿಟ್ಟೆ.

ಹೋಗುವುದು ಗೊತ್ತಾಗುತ್ತದೆ. ನೋವಿಲ್ಲ. ಮೆಟ್ಟಿಲಿದೆ ಅಂತ ಕಾಲಿಟ್ಟು ಅಲ್ಲಿ ಮೆಟ್ಟಿಲೇ ಇಲ್ಲದಿದ್ದರೆ ಕಾಲು ಒಂದು ಸಲ ಗಾಳಿಗೆ ಬೀಳುತ್ತದಲ್ಲ, ಅಷ್ಟು. ಮೊದಲು ಹೋದದ್ದು ಭಿನ್ನರಾಶಿ. ಅಕ್ಕಿ ಅಳೆಯುತ್ತಿದ್ದೆ, ಮುಕ್ಕಾಲು ಲೋಟ ಅಂದರೆ ಎಲ್ಲಿಯ ತನಕ ಅನ್ನುವುದು ಕೈಗೆ ತಿಳಿಯಲಿಲ್ಲ. ಆಮೇಲೆ ಹೂವಿನ ಭಾಗಗಳು ಹೋದವು, ದೇಶಗಳ ರಾಜಧಾನಿಗಳು ಹೋದವು. ಇಂಚರಳ ಟೀಚರಿಗೆ ನನ್ನ ಎಂಎಸ್ಸಿಯ ವಿಷಯ ಗೊತ್ತಿತ್ತಲ್ಲ, ವಿಜ್ಞಾನದಲ್ಲಿ ಅವಳನ್ನು ಮೇಲಿನ ಗುಂಪಿಗೆ ಹಾಕಿದರು. ಒಂದು ದಿನ ತಾಮ್ರದ ಚೊಂಬನ್ನು ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದೆ. ಎಷ್ಟು ವರ್ಷ ಅದನ್ನೇ ಉದಾಹರಣೆ ಕೊಟ್ಟು ಪಾಠ ಮಾಡಿದ್ದೆನೋ. ಚೊಂಬು ಕೆಂಪಗೆ ಹೊಳೆಯಿತು, ಯಾಕೆ ಹೊಳೆಯಿತು ಅಂತ ನನಗೆ ಗೊತ್ತಾಗಲಿಲ್ಲ. ನಲ್ಲಿಯನ್ನು ಹಾಗೇ ಬಿಟ್ಟು ನೆಲದ ಮೇಲೆ ಕೂತು ಅತ್ತೆ. ಮೇಲಿನ ಕ್ಲಾಸಿನ ಪಾಠವೆಲ್ಲ ತಲೆಯಲ್ಲಿತ್ತು, ಬುಡ ಇರಲಿಲ್ಲ. ಅದನ್ನು ಇಟ್ಟುಕೊಂಡು ಯಾವ ಬೋರ್ಡಿನ ಮುಂದೆ ನಿಲ್ಲುವುದು?

ಚಿನ್ಮಯನದು ಒಂದನೆಯ ಕ್ಲಾಸು. ಅಲ್ಲಿ ಕಲಿಸುವುದು ಓದುವುದನ್ನು. ಓದು ಅಂದರೆ ಓದು, ಯಾವ ಭಾಷೆ ಅಂತ ಆ ಊರು ಕೇಳುತ್ತಿರಲಿಲ್ಲ, ಹೋದರೆ ಪೂರ್ತಿ ಹೋಗುತ್ತಿತ್ತು. ಹಾಗಾಗಿ ನಾನು ದಿನಾ ಬೆಳಗ್ಗೆ ಎದ್ದ ಕೂಡಲೇ ಹಾಲಿನ ಪ್ಯಾಕೆಟ್ಟಿನ ಮೇಲಿನ ಅಕ್ಷರ ಓದಿ ನೋಡುತ್ತಿದ್ದೆ. ಬರುತ್ತಿತ್ತು. ಮಾರನೆಯ ದಿನವೂ ಬರುತ್ತಿತ್ತು. ಮಗ ದಡ್ಡನಿರಬೇಕು ಅಂದುಕೊಂಡು, ತಾಯಿಯಾಗಿ ಅದಕ್ಕೆ ಖುಷಿಪಟ್ಟೆ. ಆದರೆ ಅವನು ಬಸ್ಸಿನಲ್ಲಿ ಕೂತು ಅಂಗಡಿಗಳ ಬೋರ್ಡು ಓದತೊಡಗಿದ. ಗೋಡೆಯ ಮೇಲೆ ಬರೆದಿದ್ದನ್ನೆಲ್ಲ ಓದಿದ. ಪೆಟ್ಟಿಗೆಯಲ್ಲಿ ಪಾತ್ರೆಗೆ ಸುತ್ತಿ ತಂದಿದ್ದ ಕನ್ನಡ ಪತ್ರಿಕೆಯನ್ನು ನೆಲದ ಮೇಲೆ ಹರಡಿಕೊಂಡು ಶ್ರದ್ಧಾಂಜಲಿ ಜಾಹೀರಾತುಗಳನ್ನೂ ಬಿಡದೆ ಓದಿದ. ನನ್ನ ಓದು ನನ್ನಲ್ಲೇ ಇತ್ತು. ಸಂಜೆ ನಿಜಗುಣರಿಗೆ, "ನೋಡ್ರಿ, ನಿಮ್ಮ ಮಗ ನನ್ನಿಂದ ಏನೂ ತಗೊಳ್ಳದೆ ತಾನೇ ಕಲೀತಿದಾನೆ" ಅಂದೆ. ಆ ಊರಿಗೆ ಬಂದ ಮೇಲೆ ನಾನು ಹೆಮ್ಮೆಪಟ್ಟದ್ದು ಅದೊಂದಕ್ಕೇ. ಅವರೂ ಮಗನನ್ನು ಎತ್ತಿಕೊಂಡು ಕುಣಿಸಿದರು.

ಇಂಚರ ಈ ನಡುವೆ ಲೇಸಿನ ಬೂಟು ಬೇಡ, ಹಾಗೇ ಕಾಲು ತೂರಿಸುವಂಥದ್ದು ಬೇಕು ಅಂದಳು, ಕೊಡಿಸಿದೆ. ಮೊದಲು ಊಟದ ತಟ್ಟೆಯ ಪಕ್ಕದಲ್ಲೂ ಕತೆ ಪುಸ್ತಕ ಇಟ್ಟುಕೊಳ್ಳುತ್ತಿದ್ದವಳು ಈಗ ಕಿಟಕಿಯ ಹತ್ತಿರ ಕೂತಿರುತ್ತಿದ್ದಳು. ತಮ್ಮ ಗಟ್ಟಿಯಾಗಿ ಓದಿದರೆ ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದಳು. ತಮ್ಮನ ಮೇಲೆ ಎಷ್ಟು ಪ್ರೀತಿ ಅಂದುಕೊಂಡೆ. ಗುಡ್ಡದ ಶಾಲೆಯಲ್ಲಿ ಪುಸ್ತಕ ಹೆಸರಿಗೆ ಮಾತ್ರ. ಟೀಚರು ಬಾಯಲ್ಲಿ ಹೇಳಿದರಾಯಿತು, ಉಳಿದದ್ದು ಕೈಯ ಮೂಲಕ ಬರುತ್ತದಲ್ಲ. ಹಾಗಾಗಿ ಅಲ್ಲಿಂದಲೂ ಯಾವ ದೂರೂ ಬರಲಿಲ್ಲ.

ಆಮೇಲೆ ನನಗೆ ಜ್ವರ ಬಂತು. ಮಲಗಿದ್ದಲ್ಲಿಂದಲೇ ಇಂಚರಳನ್ನು ಕೂಗಿ, ಕಪಾಟಿನಲ್ಲಿರುವ ಜ್ವರದ ಮಾತ್ರೆ ತಾ ಅಂದೆ. ಅವಳು ಮಾತ್ರೆಗಳ ಡಬ್ಬಿಯನ್ನೇ ಎತ್ತಿಕೊಂಡು ಬಂದು ಮಂಚದ ಪಕ್ಕ ನಿಂತಳು.

"ಡಬ್ಬಿ ಯಾಕೆ ತಂದೆ? ಹೆಸರು ಬರೆದಿದೆಯಲ್ಲ, ನೋಡಿ ಕೊಡು."

ಅವಳು ಬಾಗಿಲ ಕಡೆ ತಿರುಗಿ, "ಚಿನ್ಮೂ, ಬಾರೋ ಇಲ್ಲಿ" ಅಂದಳು.

"ಅವನ್ಯಾಕೆ? ನೀನೇ ಓದು."

"ಅದು ಹೋಯ್ತಮ್ಮ" ಅಂದಳು. ಪೆನ್ಸಿಲ್ ಕಳೆದುಹೋಯಿತು ಅನ್ನುವಷ್ಟು ಸಹಜವಾಗಿ ಹೇಳಿದಳು.

ಜ್ವರದಲ್ಲಿ ಅವಳ ಮಾತು ನನ್ನ ತಲೆಗೆ ಹತ್ತಲಿಲ್ಲ. ಏನು ಹೋಯಿತು, ಎಲ್ಲಿಗೆ ಹೋಯಿತು ಅಂತ ಕೇಳಿದೆ.

"ಓದೋದು. ಚಿನ್ಮುಗೆ ಬಂತಲ್ಲ, ಆವಾಗ. ಲೇಸ್ ಕಟ್ಟೋದೂ ಹೋಯ್ತು. ಗಡಿಯಾರ ನೋಡೋದು ಮೊನ್ನೆ ಹೋಯ್ತು. ಅವನು ನನ್ನ ಕೈ ಹಿಡ್ಕೊಂಡು ಬಂದಿದ್ದಲ್ವಾ ಮೊದಲ್ನೇ ದಿನ. ನೀನೇ ಅಂದ್ಯಲ್ಲ, ಅಕ್ಕನ ಕೈ ಹಿಡ್ಕೊ ಅಂತ."

ನಾನು ಎದ್ದು ಕೂತೆ. ಚಿತ್ರಾನ್ನದ ಚೀಲ, ಬಾಟಲಿ, ಸ್ವೆಟರು ಎಲ್ಲ ಕಣ್ಣ ಮುಂದೆ ಬಂದವು. "ಇಷ್ಟು ದಿನ ಯಾಕೆ ಹೇಳ್ಲಿಲ್ಲ ನೀನು?" ಅಂತ ಕಿರುಚಿದೆ. ಅವಳ ಮೇಲೆ ಕಿರುಚುವುದು ನ್ಯಾಯವಲ್ಲ ಅಂತ ಗೊತ್ತಿದ್ದೇ ಕಿರುಚಿದೆ.

"ನೀನು ಆಗ್ಲೇ ಸುಸ್ತಾಗಿದ್ದೆ" ಅಂದಳು ನನ್ನ ಮಗಳು.

ಜ್ವರ ಇಳಿಯುವ ತನಕ ಕಾಯಲಿಲ್ಲ. ಶಾಲು ಹೊದ್ದುಕೊಂಡೇ ಗುಡ್ಡ ಹತ್ತಿದೆ. ಅಡ್ಮಿಷನ್ ಮೇಡಂ ಎಲ್ಲ ಕೇಳಿಸಿಕೊಂಡು ತಲೆಯಾಡಿಸಿದರು. ಒಂದು ಶಾಲೆಯ ಹೊಸಿಲನ್ನು ಒಂದು ಮಗು ಒಂದೇ ಸಲ ದಾಟುವುದು, ಆಮೇಲೆ ತಿದ್ದುವುದಕ್ಕೆ ಬರುವುದಿಲ್ಲ ಅಂದರು. ಹುಡುಗ ಇಲ್ಲಿರುವಷ್ಟು ದಿನ ಹುಡುಗಿಯಿಂದ ಹೋಗುತ್ತಲೇ ಇರುತ್ತದೆ. ಬಿಡಿಸಿದರೆ ನಿಲ್ಲುತ್ತದೆ, ಆದರೆ ಹೋದದ್ದು ವಾಪಸಿಲ್ಲ. "ಹುಡುಗ ಮಾತ್ರ ಬಹಳ ಚೆನ್ನಾಗಿ ಓದುತ್ತಿದ್ದಾನೆ" ಅಂತ ಸಮಾಧಾನವನ್ನೂ ಹೇಳಿದರು. ಇಂಚರಳಿಗೆ ಮತ್ತೆ ಅಕ್ಷರ ಕಲಿಸುತ್ತೀರಾ ಅಂದೆ. ಐದನೆಯ ಕ್ಲಾಸಿನಲ್ಲಿ ಅಕ್ಷರ ಕಲಿಸುವ ಪದ್ಧತಿ ಇಲ್ಲವಂತೆ.

ಹೀಗೆ ಮತ್ತೆ ಸೋಫಾಗಳು ಶುರುವಾದವು. ಈ ಸಲ ಇಬ್ಬರಿಗೂ ಬೇರೆ ಶಾಲೆ ಬೇಕು, ಇಂಚರಳನ್ನು ಒಂದನೆಯ ಕ್ಲಾಸಿನಲ್ಲಿ ಕೂರಿಸಿಕೊಳ್ಳುವಂಥ ಶಾಲೆ ಬೇಕು. ನಮ್ಮ ದೇಶದವರೇ ಸೇರಿ ನಡೆಸುವ ಶಾಲೆಗೆ ಹೋದೆ. ಅಲ್ಲಿಯ ಕಾರ್ಯದರ್ಶಿ, ಮೊದಲ ತಿಂಗಳು ನಾನು ಹೋದಾಗ ಎದ್ದು ನಿಂತು ಕೈಮುಗಿದಿದ್ದವರು. ಈಗ ಅದೇ ಪ್ರಶ್ನೆಗಳನ್ನು ಕೇಳಿದರು. ಮುಕ್ಕಾಲಿನ ಅರ್ಧ ಎಷ್ಟು ಅಂದರು, ನಾನು ಕೈ ನೋಡಿಕೊಂಡೆ. ನೀರಿನಲ್ಲಿ ಏನೇನಿರುತ್ತದೆ ಅಂದರು, ಮೀನಿರುತ್ತದೆ ಅಂದೆ. "ನಿಮ್ಮಲ್ಲಿ ಉಳಿದಿರೋದು ಸ್ವಲ್ಪ ಕಡಿಮೆ ಅನಿಸುತ್ತೆ ಮೇಡಂ, ವೇಟಿಂಗ್ ಲಿಸ್ಟಿನಲ್ಲಿ ಹಾಕಿರ್ತೀವಿ" ಅಂದರು. ಹೊರಗೆ ಬಂದು ಬಸ್‌ಸ್ಟಾಪಿನಲ್ಲಿ ಕೂತೆ. ಸಿಟ್ಟು ಬರಬೇಕಿತ್ತು, ಬರೀ ನಿದ್ದೆ ಬರುತ್ತಿತ್ತು.

ಕೊನೆಗೆ ಒಪ್ಪಿದ್ದು ಹಳೇ ಬಂದರಿನ ಶಾಲೆ. ಅಲ್ಲಿಯ ಮೇಷ್ಟರು ವಯಸ್ಸಾದವರು, ನನ್ನನ್ನು ಏನೂ ಕೇಳಲಿಲ್ಲ. ನಾಳೆ ಕರೆದುಕೊಂಡು ಬನ್ನಿ ಅಂದರು. ಮನೆಗೆ ಬಂದು ನಿಜಗುಣರಿಗೆ ಹೇಳಿದೆ. ಇಬ್ಬರ ಕೈಯನ್ನೂ ನಾನೇ ಹಿಡಿಯುತ್ತೇನೆ, ಚಿನ್ಮುಗೆ ಓದು ಬಂದಾಗಿದೆ, ಹಾಗಾಗಿ ನನ್ನ ಓದು ಇಂಚರಳಿಗೆ ಹೋಗುತ್ತದೆ ಅಂದೆ. ಮೀನು ಮಾರ್ಕೆಟ್ಟಿನ ಮಾತನ್ನು ಅವರು ಎತ್ತಲಿಲ್ಲ. ತಟ್ಟೆಯಲ್ಲಿ ಅನ್ನ ಕಲಸುತ್ತಲೇ ಇದ್ದರು, ತಿನ್ನಲಿಲ್ಲ. "ಆಮೇಲೆ ನೀನು?" ಅಂದರು.

"ಆಮೇಲೆ ಗ್ರೆಟ್ಟಾ ಬಾಯಿ ಜೊತೆ ಡಬ್ಬಿ ಹಿಡ್ಕೊಂಡು ಬೀದೀಲಿ ನಿಂತ್ಕೊಳ್ತೀನಿ" ಅಂದೆ. ತಮಾಷೆ ಮಾಡಲು ಹೋದೆ, ಇಬ್ಬರಿಗೂ ನಗು ಬರಲಿಲ್ಲ.

ಮಾರನೆಯ ಬೆಳಗ್ಗೆ ಸ್ನಾನಕ್ಕೆ ಮೊದಲು ಮನೆಯಲ್ಲಿ ಅಕ್ಷರವಿದ್ದ ವಸ್ತುಗಳನ್ನೆಲ್ಲ ಹುಡುಕಿ ಓದಿದೆ. ಸೋಪಿನ ಹೊದಿಕೆ, ಸಾಂಬಾರು ಪುಡಿಯ ಪ್ಯಾಕೆಟ್ಟು, ಮಕ್ಕಳ ಅಂಗಿಯ ಕಾಲರಿನ ಒಳಗಿನ ಚೀಟಿ. ಪತ್ರಿಕೆಯ ಹಾಳೆಯಲ್ಲಿದ್ದ, ಯಾರೋ ಗುರುತಿಲ್ಲದ ಅಜ್ಜನ ಶ್ರದ್ಧಾಂಜಲಿಯನ್ನು ಎರಡು ಸಲ ಓದಿದೆ. ಓದು ಇಷ್ಟು ಇಷ್ಟವಾಗಿದ್ದು ಕಾಲೇಜಿನ ದಿನಗಳಲ್ಲೂ ನೆನಪಿಲ್ಲ. ಕೊಡಬೇಕು ಅಂತ ಮನಸ್ಸು ಗಟ್ಟಿ ಮಾಡಿದ್ದೆ, ಕೊಡಲು ಸ್ವಲ್ಪವೂ ಇಷ್ಟವಿರಲಿಲ್ಲ. ಎರಡೂ ನಿಜ.

ಈ ಸಲ ಕೈಯಲ್ಲಿ ಒಂದು ಬಾಟಲಿಯನ್ನೂ ಹಿಡಿಯಲಿಲ್ಲ. ಶಾಲೆಯ ಬಾಗಿಲಲ್ಲಿ ಮೇಷ್ಟರು ನಿಂತಿದ್ದರು. ನಿಜಗುಣ ಕಚೇರಿಗೆ ಹೋಗುತ್ತೇನೆ ಅಂತ ಹೊರಟಿದ್ದವರು ರಸ್ತೆಯ ಆ ಬದಿಯಿಂದ ಓಡುತ್ತ ಬಂದರು. ಟೈ ಬಿಚ್ಚಿ ಜೇಬಿಗೆ ತುರುಕಿದ್ದರು. ಯಾರಾದರೂ ನೋಡುತ್ತಾರೇನೋ ಅಂತ ಒಮ್ಮೆ ಹಿಂದೆ ತಿರುಗಿದರು, ಆಮೇಲೆ ಮಗಳ ಮುಂದೆ ಕೈ ಚಾಚಿದರು. "ನನ್ನ ಕೈ ಹಿಡ್ಕೊ ಮಗಳೇ. ಕೆಲಸ ಹೋದ್ರೆ ಹೋಗ್ಲಿ." ಮದುವೆಯಾದಾಗಿನಿಂದ ಅವರ ಮೇಲೆ ಅಷ್ಟು ಪ್ರೀತಿ ನನಗೆ ಬಂದಿರಲಿಲ್ಲ. ನನ್ನ ಎಡಗೈಯನ್ನು ಚಿನ್ಮಯ ಆಗಲೇ ಹಿಡಿದು ನೇತಾಡುತ್ತಿದ್ದ. ಬಲಗೈಯನ್ನು ನಾನೂ ಚಾಚಿದ್ದೆ.

ಇಂಚರ ನಮ್ಮಿಬ್ಬರ ಕೈಗಳನ್ನೂ ನೋಡಿದಳು. ತನ್ನ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ಯಾರದ್ದೂ ಬೇಡ ನಂಗೆ."

"ಹಟ ಮಾಡಬೇಡ ಪುಟ್ಟಿ" ಅಂದೆ.

"ಹಟ ಅಲ್ಲ. ಚಿನ್ಮು ಓದೋವಾಗ ಹೋಗೋದು ನಂಗೆ ಗೊತ್ತಾಗ್ತಿತ್ತು. ನಿಂಗೂ ಗೊತ್ತಾಗುತ್ತಲ್ವಾ, ನನಗೆ ಬರೋವಾಗ?"

ಗೊತ್ತಾಗುತ್ತೆ ಅಂದೆ. ಸುಳ್ಳು ಹೇಳುವುದಕ್ಕೆ ಅವಳು ಜಾಗವೇ ಇಟ್ಟಿರಲಿಲ್ಲ.

"ಮತ್ತೆ?" ಅಂದಳು ಸಿಟ್ಟಿನಿಂದ. ಮೇಷ್ಟರ ಕಡೆ ತಿರುಗಿ, "ಕೈ ಹಿಡೀದೆ ಬರಬಹುದಾ?" ಅಂತ ಕೇಳಿದಳು.

ಮೇಷ್ಟರು ಅವಳನ್ನು ಅಡಿಯಿಂದ ಮುಡಿಯ ತನಕ ನೋಡಿದರು. "ಬರಬಹುದು. ಯಾರೂ ಇಲ್ಲದ ಮಕ್ಕಳು ಹಾಗೇ ಬರುತ್ತಾರೆ. ಆದರೆ ಬಹಳ ನಿಧಾನವಾಗುತ್ತದೆ. ನಿನ್ನ ತಮ್ಮ ನಿನ್ನನ್ನು ದಾಟಿ ಮುಂದೆ ಹೋಗುತ್ತಾನೆ."

"ಹೋಗ್ಲಿ" ಅಂದಳು.

ಅವಳು ಹೆಜ್ಜೆ ಎತ್ತಿದಳು. "ಬಲಗಾಲಿಟ್ಟು ಹೋಗೇ" ಅಂದುಬಿಟ್ಟೆ, ಬಾಯಿ ಸುಮ್ಮನಿರಬೇಕಲ್ಲ. ಅವಳು ಕಾಲು ಬದಲಾಯಿಸಿ ಒಳಗೆ ಹೋದಳು. ನನಗೆ ಆ ಕ್ಷಣ ಮೊದಲು ಆದದ್ದು ದುಃಖವಲ್ಲ, ನಿರಾಳ. ಉಳಿಯಿತು ಅನ್ನಿಸಿತು. ಅದರ ಹಿಂದೆಯೇ ನಾಚಿಕೆ ಬಂತು. ನಿಜಗುಣ ಚಾಚಿದ ಕೈಯನ್ನು ಏನು ಮಾಡುವುದೆಂದು ತಿಳಿಯದೆ ಮುಖ ಒರೆಸಿಕೊಂಡರು. ನಾನು ಚಿನ್ಮಯನ ಕೈ ಹಿಡಿದು ಅವಳ ಹಿಂದೆ ಹೊಸಿಲು ದಾಟಿದೆ.

ಅವಳ ಊರಿನ ಅಕ್ಷರದಿಂದಲೇ ಶುರು ಮಾಡೋಣ ಅಂದರು ಮೇಷ್ಟರು. ಆ ಲಿಪಿ ಅವರಿಗೆ ಬರುತ್ತಿರಲಿಲ್ಲ, ಹಾಗಾಗಿ ಅವಳ ಹೆಸರಿನ ಮೊದಲ ಅಕ್ಷರವನ್ನು ಸ್ಲೇಟಿನ ಮೇಲೆ ನನ್ನಿಂದಲೇ ಬರೆಸಿ, ಅದು ಹೇಗೆ ಕೇಳಿಸುತ್ತದೆ ಅಂತ ಹೇಳಿಸಿಕೊಂಡರು. ಇಂಚರ ಸಣ್ಣ ಮಕ್ಕಳ ಬೆಂಚಿನಲ್ಲಿ ಮೊಣಕಾಲು ಮಡಚಿಕೊಂಡು ಕೂತು ಆ ಸುರುಳಿಯನ್ನು ತಿದ್ದಿದಳು. ದಿನಗಳು ಕಳೆದವು. ಬೆಳಗ್ಗೆ ತಿದ್ದಿದ್ದು ಸಂಜೆಗೆ ಇರುತ್ತಿರಲಿಲ್ಲ. ಒಮ್ಮೆ ಸ್ಲೇಟನ್ನು ಗೋಡೆಗೆ ಎಸೆದು ಒಡೆದಳು, ಇನ್ನೊಂದು ತಂದುಕೊಟ್ಟೆವು. ಇತ್ತ ಚಿನ್ಮಯ ನನ್ನಿಂದ ಕೂಡುವ ಲೆಕ್ಕ ತೆಗೆದುಕೊಂಡ, ತರಕಾರಿಯವನು ಕೊಟ್ಟ ಚಿಲ್ಲರೆಯನ್ನು ನಾನು ಹಾಗೇ ಪರ್ಸಿಗೆ ಹಾಕಿಕೊಳ್ಳತೊಡಗಿದೆ. ನಿಜಗುಣ ಸಂಜೆ ಬೇಗ ಬಂದು ಮಗಳ ಪಕ್ಕ ಸುಮ್ಮನೆ ಕೂತಿರುತ್ತಿದ್ದರು. ಹೇಳಿಕೊಡುವಂತಿರಲಿಲ್ಲವಲ್ಲ.

ಒಂದು ಸಂಜೆ ನಾನು ಹುರುಳಿಕಾಯಿ ಬಿಡಿಸುತ್ತಿದ್ದೆ. ಇಂಚರ ಶಾಲೆಯಿಂದ ಬಂದವಳು ಚಪ್ಪಲಿಯನ್ನೂ ಬಿಡದೆ ಒಳಗೆ ನಡೆದು ಬಂದು ಸ್ಲೇಟನ್ನು ನನ್ನ ಮುಖಕ್ಕೆ ಹಿಡಿದಳು. ಮೇಲೆ ಅವಳೇ ಬರೆದ ಒಂದು ಅಕ್ಷರ, ಸೊಟ್ಟಗೆ, ಒತ್ತಿ ಒತ್ತಿ ಬರೆದದ್ದು.

"ಏನಿದು ಹೇಳು" ಅಂದಳು.

ಆ ಊರಿನಲ್ಲಿ ಮಗುವಿಗೆ ಒಂದು ಬಂತು ಅಂದರೆ ಮನೆಯಲ್ಲಿ ಇನ್ನೊಬ್ಬರಿಗೆ ಹೋಯಿತು ಅಂತಲೇ ಲೆಕ್ಕ. ನೋಡಲು ಹೆದರಿ ನೋಡಿದೆ.

"ಇ" ಅಂದೆ.

ಅವಳು ನನ್ನನ್ನೇ ನೋಡುತ್ತ, "ಹೌದು, ಇ" ಅಂದಳು. "ನಿನ್ನ ಹತ್ರಾನೂ ಇದೆ ಅಲ್ವಾ? ಇನ್ನೊಂದ್ಸಲ ಹೇಳು."

ನಾನು ಹೇಳಿದೆ, ಅವಳೂ ನನ್ನ ಜೊತೆಗೇ ಹೇಳಿದಳು.